ಸ್ನಾನಗೃಹದ ನವೀಕರಣ: ನೆಲದಿಂದ ನೀರು ಸೋರದಂತೆ ವಹಿಸಬೇಕಾದ ಕ್ರಮಗಳು

ಹಾವೇರಿ ಮತ್ತು ರಾಣೇಬೆನ್ನೂರು ನಗರಸಭೆಗಳು ಹಾಗೂ ಬ್ಯಾಡಗಿ ಪುರಸಭೆಯ ವ್ಯಾಪ್ತಿಯ ಹಳೆಯ ಓಣಿಗಳಲ್ಲಿ ಮನೆಗಳು ಒಂದಕ್ಕೊಂದು ಹೊಂದಿಕೊಂಡಿದ್ದು, ಮಣ್ಣಿನ ಗೋಡೆಯ ಮನೆಗಳು ಇಂದಿಗೂ ಬಳಕೆಯಲ್ಲಿವೆ. ಇಂತಹ ಮನೆಗಳ ಹಳೆಯ ಬಚ್ಚಲನ್ನು ತೆಗೆದು ಷವರ್ ಸಹಿತ ಸ್ನಾನಗೃಹ ನಿರ್ಮಿಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸೋರಿಕೆಯಿಂದಾಗುವ ಹಾನಿ

ಮಣ್ಣಿನ ಗೋಡೆಯು ತೇವಗೊಂಡಾಗ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. 2019ರ ಆಗಸ್ಟ್ ತಿಂಗಳ ಮಳೆ ಮತ್ತು ನೆರೆಯಿಂದ ಜಿಲ್ಲೆಯಲ್ಲಿ ಅನೇಕ ಮನೆಗಳು ಹಾನಿಗೀಡಾದವು. ಮಳೆಯು ಕೆಲವೇ ದಿನಗಳಲ್ಲಿ ಮಾಡುವ ಹಾನಿಯನ್ನು ಸೋರುವ ಬಚ್ಚಲು ಕೆಲವು ವರ್ಷಗಳಲ್ಲಿ ಸದ್ದಿಲ್ಲದೆ ಮಾಡಬಲ್ಲದು. ಎರೆಮಣ್ಣು ತೇವದಿಂದ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಅಂತಹ ನೆಲದ ಮೇಲಿನ ಮನೆಗಳಲ್ಲಿ ಬಿರುಕುಗಳೂ ಕಾಣಿಸಿಕೊಳ್ಳುತ್ತವೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಕಾಣುವುದು ಹಾಗೂ ಗಿಲಾವು ಉದುರುವುದು ತೇವದ ಲಕ್ಷಣಗಳಾಗಿವೆ.

ಟೈಲ್ಸ್ ಮಾತ್ರ ಸಾಲದು

ಟೈಲ್ಸ್‌ಗಳ ನಡುವಿನ ಸಂದುಗಳ ಮೂಲಕ ನೀರು ಕೆಳಗಿನ ಗಾರೆಗೆ ಇಳಿಯುತ್ತದೆ. ಅದನ್ನು ತಡೆಯುವುದು ಟೈಲ್ಸ್‌ನ ಕೆಳಗಿರುವ ಜಲನಿರೋಧಕ ಪದರವೇ ಆಗಿದೆ. ಗಾರೆಯಲ್ಲಿ ಬೆರೆಸುವ ಜಲನಿರೋಧಕ ದ್ರಾವಣವು (ಭಾರತೀಯ ಮಾನಕ 2645) ಪೂರಕವೇ ಹೊರತು ಈ ಪದರಕ್ಕೆ ಬದಲಿಯಲ್ಲ.

ಅನುಸರಿಸಬೇಕಾದ ಕ್ರಮಗಳು

1. ಹಳೆಯ ನೆಲಗಟ್ಟು ಮತ್ತು ಸಡಿಲ ಗಾರೆಯನ್ನು ಸಂಪೂರ್ಣವಾಗಿ ತೆಗೆದು, ಬಿರುಕುಗಳನ್ನು ಹಾಗೂ ಕೊಳವೆಗಳ ಸುತ್ತಲಿನ ಸಂದುಗಳನ್ನು ಮುಚ್ಚತಕ್ಕದ್ದು.
2. ನೀರು ಹೊರಹೋಗುವ ಜಾಲರಿಯ ಕಡೆಗೆ ಪ್ರತಿ 60ರಿಂದ 80 ಸೆಂ.ಮೀ.ಗೆ 1 ಸೆಂ.ಮೀ. ಇಳಿಜಾರು ನೀಡತಕ್ಕದ್ದು.
3. ನೆಲ ಮತ್ತು ಗೋಡೆ ಕೂಡುವ ಮೂಲೆಗಳನ್ನು ಗಾರೆಯಿಂದ ದುಂಡಾಗಿಸತಕ್ಕದ್ದು.
4. ಜಲನಿರೋಧಕ ಲೇಪನವನ್ನು ಕನಿಷ್ಠ ಎರಡು ಬಾರಿ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಲಾಗಿ ಹಚ್ಚತಕ್ಕದ್ದು. ಗೋಡೆಯ ಮೇಲೆ 30 ಸೆಂ.ಮೀ.ವರೆಗೆ, ಷವರ್ ಇರುವ ಭಾಗದಲ್ಲಿ ಸುಮಾರು 1.8 ಮೀಟರ್‌ವರೆಗೆ ಇದನ್ನು ಮುಂದುವರಿಸುವುದು ಸೂಕ್ತ.
5. ಮಣ್ಣಿನ ಗೋಡೆಯ ಮೇಲೆ ಲೇಪನವು ನೇರವಾಗಿ ನಿಲ್ಲುವುದಿಲ್ಲ. ಒಳಬದಿಯಲ್ಲಿ ಸುಟ್ಟ ಇಟ್ಟಿಗೆಯ ತೆಳುಗೋಡೆ ಕಟ್ಟಿ, ಸಿಮೆಂಟ್ ಗಿಲಾವು ಮಾಡಿ, ಅದು ಗಟ್ಟಿಯಾದ ನಂತರ ಲೇಪಿಸತಕ್ಕದ್ದು.

ನೀರು ನಿಲ್ಲಿಸಿ ಪರೀಕ್ಷೆ

ಲೇಪನವು ಪೂರ್ಣ ಒಣಗಿದ ಮೇಲೆ ಜಾಲರಿಯ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಬಾಗಿಲ ಬಳಿ ತಾತ್ಕಾಲಿಕ ಒಡ್ಡು ಹಾಕಿ, 3ರಿಂದ 5 ಸೆಂ.ಮೀ. ನೀರು ನಿಲ್ಲಿಸಿ ಮಟ್ಟವನ್ನು ಗುರುತಿಸಬೇಕು. ಪಕ್ಕದಲ್ಲಿ ಒಂದು ಅಗಲ ಪಾತ್ರೆಯಲ್ಲಿಯೂ ನೀರಿಟ್ಟು ಮಟ್ಟವನ್ನು ಗುರುತಿಸಬೇಕು. ಕನಿಷ್ಠ 24 ಗಂಟೆಗಳ ನಂತರ ಪಾತ್ರೆಯ ನೀರಿಗಿಂತ ನೆಲದ ನೀರು ಹೆಚ್ಚು ಇಳಿದಿದ್ದಲ್ಲಿ ಸೋರಿಕೆ ಇದೆಯೆಂದು ಭಾವಿಸಿ ಸರಿಪಡಿಸಬೇಕು. ನೆರೆಮನೆಯ ಗೋಡೆಯನ್ನೂ, ಮಹಡಿ ಮನೆಯಾದಲ್ಲಿ ಕೆಳಗಿನ ಛಾವಣಿಯನ್ನೂ ನೋಡತಕ್ಕದ್ದು. ಈ ಪರೀಕ್ಷೆ ಮುಗಿಯುವವರೆಗೆ ಟೈಲ್ಸ್ ಹಾಕಿಸಬಾರದು. ಗೌಂಡಿಯವರೊಂದಿಗೆ ಕೂಲಿ ಮಾತನಾಡುವಾಗಲೇ ಈ ಷರತ್ತನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಟೈಲ್ಸ್ ಹಾಕಿದ ಬಳಿಕ ದೋಷ ಕಂಡುಬಂದಲ್ಲಿ ನೆಲವನ್ನೇ ಅಗೆಯಬೇಕಾಗುತ್ತದೆ.

ಅನುಮತಿ

ಮನೆಗೆ ಹೊಸ ಭಾಗವನ್ನು ಸೇರಿಸಿ ಸ್ನಾನಗೃಹ ಕಟ್ಟುವವರು ಕೆಲಸ ಆರಂಭಿಸುವ ಮುನ್ನ ಸಂಬಂಧಪಟ್ಟ ನಗರಸಭೆ ಅಥವಾ ಪುರಸಭೆಗೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯತಕ್ಕದ್ದು. ಗೋಡೆ ಕೆಡವುವ ಅಥವಾ ಒಳಚರಂಡಿ ಸಂಪರ್ಕ ಬದಲಾಯಿಸುವ ಉದ್ದೇಶವಿದ್ದಲ್ಲಿ ಮುಂಚಿತವಾಗಿ ಅದೇ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಸ್ನಾನದ ನೀರನ್ನು ರಸ್ತೆಗೆ ಬಿಡಬಾರದು.