ಮಗ್ಗದ ಓಣಿಯ ಸಪ್ಪಳ

ಪಟ್ಟದಕಲ್ಲು, ಬಾದಾಮಿ ನೋಡಿಕೊಂಡು ಸೀರೆ ಕೊಳ್ಳಲು ಇಳಕಲ್ಲಿಗೆ ಬರುವವರು ಹೆಚ್ಚಾಗಿ ಬಜಾರದಲ್ಲೇ ವ್ಯಾಪಾರ ಮುಗಿಸಿ ಹೊರಡುತ್ತಾರೆ. ನಾನು ಅಂಗಡಿಗಳ ಹಿಂದಿನ ಒಂದು ಓಣಿ ಹೊಕ್ಕೆ. ಮಗ್ಗವಿರುವ ಮನೆಗಳಲ್ಲಿ, ಅವುಗಳ ಪಕ್ಕದ ಮನೆಗಳಲ್ಲಿ ಜನ ಸಪ್ಪಳದ ನಡುವೆ ಹೇಗೆ ಉಣ್ಣುತ್ತಾರೆ, ಓದುತ್ತಾರೆ, ಮಲಗುತ್ತಾರೆ ಎಂಬುದನ್ನು ನೋಡಬೇಕಿತ್ತು.

ಓಣಿಯ ಬಾಯಲ್ಲಿ ಟಂಟಂ, ಬೈಕುಗಳ ಹಾರ್ನ್. ನಾಲ್ಕು ಮನೆ ದಾಟುವಷ್ಟರಲ್ಲಿ ಅದೆಲ್ಲ ಹಿಂದೆ ಉಳಿದು, ಎಡಗಡೆಯ ಪಡಸಾಲೆಯಿಂದ ಲಾಳಿ ಓಡುವ ಸದ್ದು ಕೇಳಿಸಿತು. ಅದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಜ್ಜಾರೊಬ್ಬರು ನೇಯುತ್ತಿದ್ದರು. ಕಾಲು ಒತ್ತಿದರೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಹಗ್ಗ ಎಳೆದರೆ ಲಾಳಿ ಆಚೆಯಿಂದ ಈಚೆಗೆ ಹಾರುತ್ತದೆ, ಆಮೇಲೆ ಹೊಕ್ಕಿನ ಎಳೆಗೆ ಒಂದು ಬಲವಾದ ಏಟು. ಸದ್ದೇನೂ ಕಡಿಮೆಯದಲ್ಲ. ಆದರೆ ಎಳೆ ಹರಿದರೆ ಅದು ನಿಲ್ಲುತ್ತದೆ. ಅಜ್ಜಾರು ಬಾಗಿ, ಹರಿದ ತುದಿಗಳನ್ನು ಹುಡುಕಿ, ಬೆರಳಲ್ಲೇ ಹೊಸೆದು ಗಂಟು ಹಾಕುವವರೆಗೂ ಮನೆ ತಣ್ಣಗಿರುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಕೆಲಸವಂತೂ ಪೂರಾ ಬೆರಳಿನದು, ಸಪ್ಪಳವೇ ಇಲ್ಲ. ಹೀಗೆ ನಡುನಡುವೆ ಕಿವಿಗೆ ಬಿಡುವು ಸಿಗುತ್ತದೆ. ಒಳಗೆ ತೊಟ್ಟಿಲಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ಸದ್ದಿಗೆ ಒಗ್ಗಿ ಮಲಗಿತ್ತೋ, ದಣಿದು ಮಲಗಿತ್ತೋ ನಾನು ಹೇಳಲಾರೆ.

ಮುಂದಿನ ಮನೆಯಲ್ಲಿ ಮಗ್ಗವಿಲ್ಲ. ಆದರೂ ಅಡುಗೆಮನೆಯ ಗೂಡಿನಲ್ಲಿ ಒಂದರ ಮೇಲೊಂದು ಇಟ್ಟ ಸ್ಟೀಲ್ ತಾಟುಗಳು ಸಣ್ಣಗೆ ಕಿಣಿಗುಡುತ್ತಲೇ ಇದ್ದವು. ಗೋಡೆಯ ಆಚೆ ಪವರ್‌ಲೂಮ್ ಶೆಡ್ಡು. ಗೋಡೆಗೆ ಅಂಗೈ ಇಟ್ಟೆ, ಒಂದೊಂದು ಏಟೂ ಮೊಣಕೈವರೆಗೆ ಬಂತು. ಮಗಳ ಪುಸ್ತಕ ಎತ್ತಿಡುತ್ತ ಆ ಮನೆಯ ಅಕ್ಕಾರು ಹೇಳಿದರು: "ಅವರೂ ದುಡದು ಉಣ್ಣೋರ್ರಿ, ಏನಂತ ಹೇಳೂದು? ಆದ್ರ ಪರೀಕ್ಷಾ ಬಂತಂದ್ರ ಹುಡುಗಿ ತಲಿ ಹಿಡಕೊಂಡು ಕುಂದರತಾಳ."

ನಾನು ಅಲ್ಲಿದ್ದಾಗಲೇ ಕರೆಂಟು ಹೋಯಿತು. ಶೆಡ್ಡು ನಿಂತಿತು, ತಾಟುಗಳು ನಿಂತವು, ಅಜ್ಜಾರ ಲಾಳಿ ಮಾತ್ರ ದೂರದಿಂದ ಕೇಳುತ್ತಿತ್ತು. ಅಕ್ಕಾರು ದನಿ ತಗ್ಗಿಸಿ ಮಾತಾಡತೊಡಗಿದರು. ಅಲ್ಲಿಯವರೆಗೆ ನಾವಿಬ್ಬರೂ ಕೂಗಿ ಮಾತಾಡುತ್ತಿದ್ದೆವೆಂದು ಆಗಲೇ ಹೊಳೆದದ್ದು.

ದೇಶದ ಶಬ್ದ ಮಾಲಿನ್ಯ ನಿಯಮಗಳು 2000ರಲ್ಲಿ ಬಂದವು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಕೈಗಾರಿಕಾ ಪ್ರದೇಶಕ್ಕಾದರೆ 75 ಮತ್ತು 70. ಒಲೆಗೂ ಮಗ್ಗಕ್ಕೂ ನಡುವೆ ಒಂದೇ ಗೋಡೆಯಿರುವ ಈ ಓಣಿಯನ್ನು ಯಾವುದಕ್ಕೆ ಸೇರಿಸಬೇಕು? ನನ್ನನ್ನು ಕೇಳಿದರೆ, ಮಕ್ಕಳು ಮಲಗುವ ಜಾಗ ವಸತಿಯೇ.

ಕರೆಂಟು ಬಂದ ಮೇಲೆ ಶೆಡ್ಡಿನೊಳಕ್ಕೆ ಹೋದೆ. ಸಾಲಾಗಿ ಮಗ್ಗಗಳು, ಗಾಳಿಯಲ್ಲಿ ನೂಲಿನ ಧೂಳು. ಮರದ ಲಾಳಿಯನ್ನು ಯಂತ್ರ ಎರಡೂ ಕಡೆಯಿಂದ ಬಡಿದು ಓಡಿಸುತ್ತದೆ, ಇಲ್ಲಿ ಬಿಡುವೆಂಬುದಿಲ್ಲ. ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತ ಕೆಲಸಗಾರನ ಕಿವಿಗೆ ನಾನು ಕೂಗಬೇಕಾಯಿತು. ಅಷ್ಟು ಹತ್ತಿರವಿದ್ದೂ ದನಿ ಏರಿಸಬೇಕೆಂದರೆ ಸದ್ದು ಸುಮಾರು 85 ಡೆಸಿಬೆಲ್ ದಾಟಿದೆ ಎಂದು ಲೆಕ್ಕ. ಅಂಥ ಕಡೆ ವರ್ಷಾನುಗಟ್ಟಲೆ ದಿನಕ್ಕೆ 8 ಗಂಟೆ ನಿಂತವರ ಕಿವಿ ಸವೆಯುತ್ತದೆ. "ರೂಢಿ ಆಗೇದ್ರಿ, ಏನೂ ಅನಸೂದಿಲ್ಲ" ಎಂದ ಆತ ಕಿವಿಯಲ್ಲಿದ್ದ ಹತ್ತಿ ತೋರಿಸಿದ. ಬರೀ ಹತ್ತಿ ಅಂಥ ಸದ್ದನ್ನು ತಡೆಯುವುದು ತೀರಾ ಕಡಿಮೆ. ರೂಢಿಯಾಗುವುದು ಮನಸ್ಸಿಗೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸಣ್ಣ, ಏರುದನಿಯ ಸದ್ದುಗಳು. 'ಸ', 'ಶ' ಅಕ್ಷರಗಳು ಮಾತಿನಲ್ಲಿ ಕರಗಿಹೋಗುತ್ತವೆ. ಹೊರಗೆ ಬಂದ ಮೇಲೂ ಆತ ಕೂಗಿಯೇ ಮಾತಾಡುತ್ತಿದ್ದ.

ಒಂದೇ ಸದ್ದನ್ನು ಗೋಡೆಯ ಈಚೆಯವರು ರೂಢಿ ಎನ್ನುತ್ತಾರೆ, ಆಚೆಯವರು ತಲೆನೋವು ಎನ್ನುತ್ತಾರೆ. ಅದು ಯಾರ ಹೊಟ್ಟೆ ತುಂಬಿಸುತ್ತದೆ, ಅದನ್ನು ನಿಲ್ಲಿಸುವ ಗುಂಡಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಸಹನೆ ನಿಂತಿದೆ ಎಂದು ನನಗನ್ನಿಸಿತು.

ಹೊರಡುವ ಮುನ್ನ ಶೆಡ್ಡಿನ ಮಾಲೀಕರನ್ನು ಕೇಳಿದೆ, ಗೋಡೆಗೆ ತಾಗಿದ ಮಗ್ಗವನ್ನು ಎರಡಡಿ ಈಚೆ ಸರಿಸಿ ಕಾಲಿನಡಿ ದಪ್ಪ ರಬ್ಬರ್ ಕೊಟ್ಟರೆ ಹೇಗೆ? ಗೋಡೆಗೆ ಹೋಗುವ ನಡುಕವಾದರೂ ಕಡಿಮೆಯಾದೀತು. "ಸರಸಬಹುದ್ರಿ. ಆದ್ರ ಅವತ್ತಿನ ಕೆಲಸ ನಿಲ್ತದ, ಕೂಲಿ ಯಾರ ಕೊಡ್ತಾರ?" ಎಂದರು. ಹಾಸು ಮುಗಿದು ಹೊಸದು ಏರಿಸುವಾಗ ಮಗ್ಗ ಹೇಗೂ ನಿಂತಿರುತ್ತದಲ್ಲ ಎಂದೆ. ಅವರು ಆ ಮಗ್ಗದ ಕಡೆ ತಿರುಗಿ, ಸುತ್ತಿದ ಹಾಸು ಇನ್ನೆಷ್ಟು ಉಳಿದಿದೆ ಎಂದು ನೋಡಿದರು. "ಇನ್ನೂ ನಾಕೈದು ಸೀರಿ ಅದಾವ. ಆಮ್ಯಾಲ ನೋಡೂಣ್ರಿ."