ಬರಲಿ, ಬರಲಿ... ಹೋಲ್ಡಾನ್!

ನಮ್ಮ ಮನೆಯ ಕಾರು ಶೆಡ್ಡಿನ ಎದುರು ಗೋಡೆಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಅಂಗೈ ಅಗಲದ ಒಂದು ಗುಳಿ ಇದೆ. ಗಾರೆ ಎದ್ದುಹೋಗಿ ಒಳಗಿನ ಕೆಂಪುಕಲ್ಲು ಕಾಣುತ್ತದೆ. ಅದು ಯಾರಿಂದಾಯಿತು ಎಂಬ ಬಗ್ಗೆ ನನಗೂ ನನ್ನ ಹೆಂಡತಿಗೂ ಇಪ್ಪತ್ತೈದು ವರ್ಷಕ್ಕಿಂತ ಹಳೆಯ ತಕರಾರು ಉಂಟು. ‘ನೀವು ಬ್ರೇಕ್ ಒತ್ತಲಿಲ್ಲ’ ಎಂದು ಅವಳು. ‘ನೀನು ಹೋಲ್ಡಾನ್ ಹೇಳಲಿಲ್ಲ’ ಎಂದು ನಾನು. ನಡೆದದ್ದು ಇಷ್ಟೆ: ಅವಳು ಬದಿಯಲ್ಲಿ ನಿಂತು ‘ಬರಲಿ, ಬರಲಿ’ ಎಂದು ಕೈಬೀಸುತ್ತಿದ್ದಳು, ಒಳಗೆ ಒಲೆಯ ಮೇಲೆ ಹಾಲು ಉಕ್ಕಿತು, ಅವಳು ತಿರುಗಿ ನೋಡಿದಳು, ನಾನು ಬರುತ್ತಲೇ ಇದ್ದೆ.

ನರಿಕೊಂಬಿನ ನಮ್ಮ ಮನೆಗೆ ಮೊದಲ ಕಾರು ಬಂದದ್ದು 1998ರಲ್ಲಿ. ಬೇರೊಬ್ಬರು ಓಡಿಸಿ ಬಿಟ್ಟ ಮಾರುತಿ 800. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಕಂತಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು, ಕಾರಿನ ಲೆಕ್ಕ ಅಷ್ಟಾಗಿ ಗೊತ್ತಿರಲಿಲ್ಲ. ಶೆಡ್ಡು ಎಷ್ಟು ಉದ್ದ ಬೇಕು ಎಂದು ಮೇಸ್ತ್ರಿ ಕೇಳಿದಾಗ ‘ಹದಿನಾಲ್ಕು ಅಡಿ ಸಾಕು’ ಎಂದುಬಿಟ್ಟೆ. ಆ ಕಾರಿನ ಉದ್ದ 3,335 ಮಿಲಿಮೀಟರ್, ಎಂದರೆ ಹತ್ತು ಅಡಿ ಹನ್ನೊಂದು ಅಂಗುಲ. ಮೂರು ಅಡಿ ಉಳಿಯಿತಲ್ಲ, ಅದೇ ಧಾರಾಳ ಎನಿಸಿತು. 2021ರಲ್ಲಿ ಅಳಿಯನ ಒತ್ತಾಯಕ್ಕೆ ವ್ಯಾಗನ್ ಆರ್ ಕೊಂಡೆವು. ಅದರ ಉದ್ದ 3,655 ಮಿಲಿಮೀಟರ್, ಸರಿಯಾಗಿ ಹನ್ನೆರಡು ಅಡಿ. ಅಗಲವೂ ಏಳು ಅಂಗುಲ ಹೆಚ್ಚು. ಕಾರು ಬೆಳೆಯಿತು, ಶೆಡ್ಡು ಬೆಳೆಯಲಿಲ್ಲ. ಎದುರು ಗೋಡೆಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಉಂಟು, ಅದರ ಮುಂದೆ ಒಂದು ಅಡಿ ಬಿಡಲೇಬೇಕು. ಈಚೆ ಬದಿಯಲ್ಲಿ ಒಂದು ಅಡಿಯಾದರೂ ಮಾಡಿನೊಳಗೆ ಇರದಿದ್ದರೆ ನಮ್ಮೂರಿನ ಆಷಾಢದ ಮಳೆ ಕಾರಿನ ಬೆನ್ನಿಗೆ ಹೊಡೆಯುತ್ತದೆ. ಹಾಗಾಗಿ ಕಾರು ನಿಲ್ಲಬೇಕಾದ ಜಾಗ ಒಂದೇ ಒಂದು. ಆ ಜಾಗವನ್ನು ತಪ್ಪದೆ ಹಿಡಿಯಲು ನಾನು ಮಾಡಿದ ಉಪಾಯಗಳ ಕತೆ ಇದು.

ಮೊದಲ ಸಾಧನ ಯಾವುದೆಂದು ಹೇಳಿಯಾಯಿತು. ಅದು ಮನುಷ್ಯರು. ನಮ್ಮ ಖಾಸಗಿ ಬಸ್ಸುಗಳನ್ನು ನೋಡಿದ್ದೀರಲ್ಲ ಮಕ್ಕಳೇ? ಬಿ.ಸಿ.ರೋಡಿನ ಗದ್ದಲದಲ್ಲಿ ಅಷ್ಟುದ್ದದ ಬಸ್ಸನ್ನು ಚಾಲಕರು ಹಿಂದಕ್ಕೆ ತೆಗೆಯುವಾಗ ಕಂಡಕ್ಟರು ಹಿಂದೆ ನಿಂತು ಸೀಟಿ ಊದುತ್ತಾರೆ, ತಗಡಿಗೆ ಬಡಿಯುತ್ತಾರೆ, ತುಳುವಿನಲ್ಲಿ ‘ಬರಡ್, ಬರಡ್’ ಎನ್ನುತ್ತಾರೆ. ಸದ್ದು ನಿಂತರೆ ಚಾಲಕ ನಿಲ್ಲಿಸುತ್ತಾನೆ. ಗುಟ್ಟು ಇರುವುದು ಅಲ್ಲಿಯೇ. ಸದ್ದು ಬರುತ್ತಿದ್ದರೆ ಮಾತ್ರ ಬಾ, ಸದ್ದಿಲ್ಲದಿದ್ದರೆ ನಿಲ್ಲು. ನಾವು ಮನೆಯಲ್ಲಿ ಅದನ್ನು ತಲೆಕೆಳಗು ಮಾಡಿಕೊಂಡಿದ್ದೆವು: ‘ಹೋಲ್ಡಾನ್’ ಕೇಳುವವರೆಗೆ ಬರುತ್ತಲೇ ಇರುವುದು! ಗುಳಿ ಬಿದ್ದದ್ದು ಅದಕ್ಕೇ. (ಇದನ್ನು ಓದಿ ನನ್ನವಳು ಗೆದ್ದೆ ಎಂದುಕೊಳ್ಳುವುದು ಬೇಡ.) ಇನ್ನೊಂದು ಮಾತು. ಕೈಬೀಸುವವರು ಬದಿಯಲ್ಲಿ ನಿಲ್ಲಬೇಕು. ಕಾರಿಗೂ ಗೋಡೆಗೂ ನಡುವೆ ನಿಲ್ಲಲೇಬಾರದು. ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿಬಿಡುವುದು ನನ್ನ ವಯಸ್ಸಿನವರಿಗೆ ದೊಡ್ಡ ಸಂಗತಿಯೇನಲ್ಲ.

ಎರಡನೆಯದು ಕಲ್ಲು. ಗುಳಿ ಬಿದ್ದ ಮರುದಿನವೇ ಒಂದು ಕೆಂಪುಕಲ್ಲನ್ನು ಬಲಗಡೆಯ ಮುಂದಿನ ಚಕ್ರ ನಿಲ್ಲಬೇಕಾದ ಕಡೆ ಇಟ್ಟೆ. ಚಕ್ರ ತಾಗಿದಾಗ ಸಣ್ಣಗೆ ತಡೆದಂತಾಗುತ್ತದೆ, ಅಲ್ಲಿಗೆ ನಿಲ್ಲಿಸಿದರಾಯಿತು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ನೋಡಿದರೆ ಕಾರು ದಿನಕ್ಕೆ ಅರ್ಧ ಅಂಗುಲದಂತೆ ಕಲ್ಲನ್ನು ಗೋಡೆಯ ಕಡೆಗೆ ದೂಡುತ್ತಿತ್ತು. ಬ್ಯಾಂಕಿನಲ್ಲಿ ದಿನಕ್ಕೆ ಒಂದೊಂದು ಪೈಸೆ ತಪ್ಪುತ್ತ ಹೋಗಿ ವರ್ಷದ ಕೊನೆಗೆ ಲೆಕ್ಕ ಕೂಡದ ಹಾಗೆ. ಕೊನೆಗೆ ಎರಡೂ ಚಕ್ರಗಳಿಗೆ ಸಮನಾಗಿ ಅಡ್ಡಕ್ಕೆ ಸಿಮೆಂಟಿನ ಒಂದು ದಿಂಡು ಹಾಕಿಸಿದೆ, ಎತ್ತರ ನಾಲ್ಕು ಅಂಗುಲ. ಅದಕ್ಕಿಂತ ಎತ್ತರವಾದರೆ ಬಂಪರಿನ ಕೆಳತುಟಿಗೆ ತಾಗುತ್ತದೆ. ಈಗ ಅಂಗಡಿಗಳಲ್ಲಿ ಇದೇ ಕೆಲಸಕ್ಕೆ ಹಳದಿ ಪಟ್ಟಿಯ ರಬ್ಬರ್ ದಿಂಡುಗಳು ಸಿಗುತ್ತವೆ, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವುದು. ದಿಂಡಿನಲ್ಲಿ ಒಂದೇ ಕೊರತೆ. ಅದಕ್ಕೆ ಚಕ್ರ ಮಾತ್ರ ಗೊತ್ತು, ಮೂತಿ ಗೊತ್ತಿಲ್ಲ. ಚಕ್ರದಿಂದ ಬಂಪರಿನ ತುದಿಗೆ ಇರುವ ದೂರ ಒಂದೊಂದು ಕಾರಿನಲ್ಲಿ ಒಂದೊಂದು. ಹೊಸ ಕಾರು ಬಂದಾಗ ಹಳೆಯ ದಿಂಡನ್ನು ಒಡೆಸಬೇಕಾಯಿತು.

ಮೂರನೆಯದನ್ನು ಕಲಿಸಿದವನು ಮಗ. ಅವನು ಅಮೆರಿಕದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಗ್ಯಾರೇಜಿನ ಸೂರಿನಿಂದ ಒಂದು ಟೆನಿಸ್ ಚೆಂಡು ದಾರದಲ್ಲಿ ನೇತಾಡುವುದನ್ನು ಕಂಡೆ. ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದಾನೆ ಎಂದುಕೊಂಡು ಮನಸ್ಸಿನಲ್ಲೇ ಸಂತೋಷಪಟ್ಟೆ. ಹಾಗಲ್ಲವಂತೆ. ಕಾರು ಒಳಗೆ ಬರುತ್ತಿದ್ದಂತೆ ಚೆಂಡು ಚಾಲಕನ ಎದುರಿನ ಗಾಜಿಗೆ ‘ಟಪ್’ ಎಂದು ಮುತ್ತಿಡುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಆ ದೇಶದಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಪದ್ಧತಿ.

ಊರಿಗೆ ಬಂದವನೇ ಮೊಮ್ಮಗಳ ಹಳೆಯ ಚೆಂಡಿಗೆ ಗೋಣಿ ಹೊಲಿಯುವ ದಬ್ಬಣದಿಂದ ತೂತು ಮಾಡಿ, ನೈಲಾನ್ ದಾರ ಪೋಣಿಸಿ, ಶೆಡ್ಡಿನ ಪಕ್ಕಾಸಿಗೆ ಕಟ್ಟಿದೆ. ಕಟ್ಟುವ ಕ್ರಮ ಹೇಳುತ್ತೇನೆ, ಮಕ್ಕಳು ಅಜ್ಜನಿಗೆ ಸಹಾಯ ಮಾಡಬಹುದು. ಮೊದಲು ಕಾರನ್ನು ಹೇಗಾದರೂ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಟೇಪು ಹಿಡಿದು ಅಳೆದು ನೋಡಬೇಕು. ಆಮೇಲೆ ಚೆಂಡನ್ನು ಗಾಜಿಗೆ ತಾಗಿಯೂ ತಾಗದಂತೆ ಇಳಿಬಿಟ್ಟು ಮೇಲೆ ಗಂಟು ಹಾಕಬೇಕು. ಇದರಲ್ಲಿ ಮೇಸ್ತ್ರಿಗಳ ತೂಗುಗುಂಡಿನ ತತ್ವವೇ ಇರುವುದು. ದಾರ ಎಷ್ಟು ಉದ್ದವಾದರೂ ಗುಂಡು ನೇರ ಕೆಳಗೇ ನಿಲ್ಲುತ್ತದೆ, ನಿನ್ನೆ ಇದ್ದ ಜಾಗದಲ್ಲೇ ಇಂದೂ ಇರುತ್ತದೆ. ಎದುರು ಗೋಡೆ ಎಷ್ಟು ದೂರ ಎಂದು ಚಾಲಕನ ಸೀಟಿನಿಂದ ಅಂದಾಜು ಮಾಡುವುದು ಕಷ್ಟ, ಏಕೆಂದರೆ ಕಾರಿನ ಮೂತಿಯ ತುದಿ ಅಲ್ಲಿಂದ ಕಾಣುವುದೇ ಇಲ್ಲ. ಚೆಂಡಿನಲ್ಲಿ ಅಂದಾಜಿನ ಕೆಲಸವಿಲ್ಲ. ತಾಗಿತೋ ಇಲ್ಲವೋ, ಅಷ್ಟೆ.

ನಮ್ಮ ಶೆಡ್ಡಿಗೆ ಬಾಗಿಲಿಲ್ಲ. ಮಳೆಗಾಲದಲ್ಲಿ ನೇತ್ರಾವತಿಯ ಕಡೆಯಿಂದ ಗಾಳಿ ಬೀಸಿದಾಗ ಚೆಂಡು ಗಡಿಯಾರದ ಲೋಲಕದಂತೆ ಆಡತೊಡಗುತ್ತದೆ. ತೂತಿನಿಂದ ಸ್ವಲ್ಪ ಹೊಯಿಗೆ ತುಂಬಿಸಿ ಭಾರ ಮಾಡಿದ ಮೇಲೆ ಆಟ ಕಡಿಮೆಯಾಯಿತು. ಬೆಕ್ಕಿನ ಆಟ ಮಾತ್ರ ಕಡಿಮೆಯಾಗಲಿಲ್ಲ.

ಚೆಂಡಿನ ಬದಲು ಬೆಳಕನ್ನು ಬಳಸುವವರೂ ಇದ್ದಾರೆ. ಸೂರಿಗೆ ಸಣ್ಣ ಲೇಸರ್ ದೀಪ ಕೂರಿಸಿದರೆ ಕಾರಿನ ಡ್ಯಾಶ್‌ಬೋರ್ಡಿನ ಒಂದು ಗುರುತಿನ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. ಗೋಡೆಗೆ ಹಾಕುವ ಇನ್ನೊಂದು ಯಂತ್ರ ಉಂಟು, ಕಾರು ಹತ್ತಿರ ಬಂದಂತೆ ಹಸಿರು, ಹಳದಿ, ಕೆಂಪು ದೀಪ ತೋರಿಸುತ್ತದೆ, ಪೇಟೆಯ ಸಿಗ್ನಲ್ಲಿನ ಹಾಗೆ. ಲೇಸರನ್ನು ನಾನು ಬೇಡವೆಂದೆ. ಮಕ್ಕಳಿರುವ ಮನೆ, ಆ ಬೆಳಕನ್ನು ನೇರವಾಗಿ ನೋಡಿದರೆ ಕಣ್ಣಿಗೆ ಕೆಟ್ಟದ್ದು.

ಇನ್ನು ಹೊಸ ಕಾರಿನೊಂದಿಗೇ ಬಂದ ಸೆನ್ಸರ್. ಹಿಂದಿನ ಬಂಪರಿನಲ್ಲಿ ಅಂಗಿಯ ಗುಂಡಿಯಂಥ ದುಂಡು ಬಿಲ್ಲೆಗಳಿವೆಯಲ್ಲ, ಅವೇ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ರಿವರ್ಸ್ ಗೇರ್ ಹಾಕಿದ ಕೂಡಲೇ ಆ ಬಿಲ್ಲೆಗಳು ನಮಗೆ ಕೇಳಿಸದ ಒಂದು ಸದ್ದನ್ನು ಹಿಂದಕ್ಕೆ ಕಳಿಸುತ್ತವೆ. ಮನುಷ್ಯರ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳ ಸದ್ದು. ಇದು ಸಾಮಾನ್ಯವಾಗಿ 40,000ಕ್ಕೂ ಹೆಚ್ಚು. ಸದ್ದು ಹೋಗಿ, ಅಡ್ಡ ಬಂದದ್ದಕ್ಕೆ ಬಡಿದು ಮರಳುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗೋಡೆ ಒಂದು ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಎರಡು ಮೀಟರ್, ಅಂದರೆ ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಸಮಯ. ಈ ಸಮಯವನ್ನು ಅಳೆದೇ ಯಂತ್ರ ದೂರವನ್ನು ಲೆಕ್ಕ ಹಾಕುತ್ತದೆ. ಹತ್ತಿರವಾದಷ್ಟೂ ಬೀಪ್ ಬೀಪ್ ಬೇಗ ಬೇಗ, ತೀರಾ ಹತ್ತಿರವಾದರೆ ಒಂದೇ ಉದ್ದ ಕೂಗು.

ಸಂಜೆ ಅಡಿಕೆ ತೋಟದಲ್ಲಿ ಹುಳ ಹಿಡಿಯುತ್ತ ಹಾರುವ ಸಣ್ಣ ಬಾವಲಿಗಳು ಮಾಡುವುದೂ ಇದನ್ನೇ. ಕತ್ತಲಲ್ಲಿ ಅವು ಗೋಡೆಗೆ ಬಡಿಯದೆ ಹೇಗೆ ಹಾರುತ್ತವೆ ಎಂದು ಇಟಲಿಯ ಸ್ಪಲಾಂಜಾನಿ ಎಂಬವರು 1790ರ ದಶಕದಲ್ಲಿ ಪರೀಕ್ಷೆ ಮಾಡಿದ್ದರು. ಕಣ್ಣು ಮುಚ್ಚಿದರೂ ಬಾವಲಿ ಹಾರಿತು, ಕಿವಿ ಮುಚ್ಚಿದರೆ ತಡವರಿಸಿತು. ಏಕೆಂದು ಯಾರಿಗೂ ತಿಳಿಯಲಿಲ್ಲ. ನಮಗೆ ಕೇಳದ ಆ ಸದ್ದನ್ನು ಯಂತ್ರದಿಂದ ಮೊದಲು ಹಿಡಿದವರು ಅಮೆರಿಕದ ಡೊನಾಲ್ಡ್ ಗ್ರಿಫಿನ್, 1938ರಲ್ಲಿ, ಅವರಿನ್ನೂ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ. ಆದರೆ ಹಣ್ಣು ತಿನ್ನುವ ನಮ್ಮ ದೊಡ್ಡ ಬಾವಲಿಗಳಿಗೆ ಈ ವಿದ್ಯೆ ಇಲ್ಲ. ಅವು ಕಣ್ಣನ್ನು, ಮೂಗನ್ನು ನಂಬಿದವು.

ಸೆನ್ಸರಿಗೂ ಮಿತಿ ಉಂಟು. ಬಿಲ್ಲೆಯ ಮೇಲೆ ಕೆಸರು ಮೆತ್ತಿದರೆ ಅದಕ್ಕೆ ಭ್ರಮೆ. ತೆಳ್ಳಗಿನ ಕಂಬ, ನೆಲಕ್ಕೆ ಅಂಟಿದಂತಿರುವ ಕಲ್ಲು ಅದರ ಗಮನ ತಪ್ಪಿಸಿಕೊಳ್ಳಬಹುದು. ಇದನ್ನೆಲ್ಲ ನಾನು ಕಾರಿನ ಪುಸ್ತಕದಲ್ಲಿ ಓದಿದ್ದೆ. ಪುಸ್ತಕದಲ್ಲಿ ಇಲ್ಲದ ಒಂದು ಮಿತಿ 2022ರ ಬೇಸಗೆ ರಜೆಯಲ್ಲಿ ಗೊತ್ತಾಯಿತು.

ಆಗ ನಾವು ಕಾರನ್ನು ಮೂತಿ ಒಳಗೆ ಮಾಡಿ ನಿಲ್ಲಿಸುತ್ತಿದ್ದೆವು, ಹೊರಡುವಾಗ ರಿವರ್ಸ್. ಶೆಡ್ಡಿನ ಹೊರಗೆ ಎಡಬದಿಗೆ ಒಂದು ದಾಸವಾಳದ ಗಿಡ, ಅದರ ರೆಂಬೆ ದಾರಿಗೆ ಚಾಚಿತ್ತು. ದಿನಾ ಕಾರು ಹೊರಗೆ ಬರುವಾಗ ಸೆನ್ಸರ್ ಆ ರೆಂಬೆಗೆ ಬೀಪ್ ಅನ್ನುತ್ತಿತ್ತು. ನಾನು ‘ಗೊತ್ತುಂಟು ಮಾರಾಯ, ದಾಸವಾಳ’ ಎನ್ನುತ್ತ ಮುಂದುವರಿಯುತ್ತಿದ್ದೆ. ಅಂದು ಬೆಳಿಗ್ಗೆ ಪಾಣೆಮಂಗಳೂರಿಗೆ ಹೊರಟಿದ್ದೆ. ರಿವರ್ಸ್ ಹಾಕಿದೆ, ಬೀಪ್ ಆಯಿತು. ಒಳಗಿನ ಕನ್ನಡಿ ನೋಡಿದೆ, ಅಂಗಳ ಖಾಲಿ. ಬ್ರೇಕಿನಿಂದ ಕಾಲು ಸಡಿಲಿಸಿದೆ. ಜಗಲಿಯಿಂದ ‘ಹೋಲ್ಡಾನ್!’ ಎಂಬ ಕೂಗು ಕೇಳಿತು. ಅಂಥ ಕೂಗನ್ನು ನನ್ನ ಹೆಂಡತಿಯ ಬಾಯಿಂದ ಅದುವರೆಗೆ ನಾನು ಕೇಳಿರಲಿಲ್ಲ. ಕಾರು ಒಂದು ಗೇಣು ಹಿಂದೆ ಬಂದು ನಿಂತಿತು.

ಇಳಿದು ಹಿಂದೆ ಹೋದೆ. ಒಂದನೆಯ ತರಗತಿ ಮುಗಿಸಿ ರಜೆಗೆ ಬಂದಿದ್ದ ಮೊಮ್ಮಗಳು ಬಂಪರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, ಕಾರಿನ ಅಡಿಯಲ್ಲಿದ್ದ ಬೆಕ್ಕಿನ ಮರಿಯನ್ನು ಕರೆಯುತ್ತಿದ್ದಳು. ‘ಅಜ್ಜ, ಮರಿ ಒಳಗುಂಟು, ಕಾರು ಬಿಡಬೇಡಿ’ ಎಂದಳು.

ಯಂತ್ರ ತನ್ನ ಕೆಲಸ ಮಾಡಿತ್ತು. ಮಗು ಇದೆ ಎಂದು ಅದು ಕೂಗಿತ್ತು, ನಾನು ದಾಸವಾಳ ಎಂದುಕೊಂಡೆ. ದಿನಾ ಸುಮ್ಮನೆ ಬಡಿಯುವ ಗಂಟೆಗೆ ಯಾರೂ ಏಳುವುದಿಲ್ಲ. ಆ ದಿನ ನಾನು ಪಾಣೆಮಂಗಳೂರಿಗೆ ಹೋಗಲಿಲ್ಲ. ಊಟವೂ ಸೇರಲಿಲ್ಲ.

ಇಂಥ ಗಳಿಗೆಯಲ್ಲಿ ‘ಹೋಲ್ಡಾನ್’ ಹೇಳುವವರು ಇಲ್ಲದೆ ಹೋದದ್ದೂ ಉಂಟು. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಎರಡು ವರ್ಷದ ಕ್ಯಾಮರಾನ್ ಎಂಬ ಮಗು ತನ್ನ ಮನೆಯ ಎದುರೇ, ತಂದೆ ಹಿಂದಕ್ಕೆ ತೆಗೆಯುತ್ತಿದ್ದ ಕಾರಿನಡಿ ಸಿಕ್ಕಿ ತೀರಿಕೊಂಡಿತು. ತಂದೆ ಮಕ್ಕಳ ವೈದ್ಯರು. ಅವರು ಸುಮ್ಮನಿರಲಿಲ್ಲ, ವರ್ಷಗಟ್ಟಲೆ ಓಡಾಡಿದರು. 2008ರಲ್ಲಿ ಆ ಮಗುವಿನ ಹೆಸರಿನಲ್ಲೇ ಅಮೆರಿಕದಲ್ಲಿ ಕಾಯ್ದೆ ಬಂತು. 2018ರ ಮೇ ತಿಂಗಳಿಂದ ಅಲ್ಲಿ ಎಲ್ಲ ಹೊಸ ಕಾರುಗಳಿಗೂ ಹಿಂದಿನದನ್ನು ತೋರಿಸುವ ಕ್ಯಾಮೆರಾ ಇರಲೇಬೇಕು. ಕಾರಿನೊಳಗಿನ ಪರದೆಯಲ್ಲಿ ಹಿಂದಿನ ಚಿತ್ರ ಕಾಣುವ ಆ ಸೌಕರ್ಯ ಈಗ ನಮ್ಮಲ್ಲೂ ಅನೇಕ ಕಾರುಗಳಲ್ಲಿದೆ. ನಾನೂ ಹಾಕಿಸಿಕೊಂಡಿದ್ದೇನೆ. ಮಳೆಹನಿ ಕೂತರೆ ಚಿತ್ರ ಮಸುಕಾಗುತ್ತದೆ, ಆಗಾಗ ಇಳಿದು ಒರೆಸಬೇಕು.

ಮರುದಿನ ಮೊಮ್ಮಗಳೂ ನಾನೂ ಒಂದು ಅಳತೆ ಮಾಡಿದೆವು. ಕಾರು ನಿಲ್ಲಿಸಿ, ಕೀಲಿಕೈ ತೆಗೆದು ಅಜ್ಜಿಯ ಕೈಗೆ ಕೊಟ್ಟು, ನಾನು ಚಾಲಕನ ಸೀಟಿನಲ್ಲಿ ಕುಳಿತೆ. ಅವಳು ಬಂಪರಿನಿಂದ ಅಡಿ ಅಡಿಗೂ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಒಂದೊಂದು ಗೆರೆಯ ಮೇಲೂ ಕುಕ್ಕರಗಾಲಿನಲ್ಲಿ ಕುಳಿತು ‘ಕಾಣ್ತದಾ ಅಜ್ಜ?’ ಎಂದು ಕೇಳಿದಳು. ಒಂದು, ಎರಡು, ಮೂರು... ಕಾಣಲಿಲ್ಲ. ಒಳಗಿನ ಕನ್ನಡಿಯಲ್ಲಿ ಅವಳ ತಲೆಕೂದಲು ನನಗೆ ಕಂಡದ್ದು ಒಂಬತ್ತನೆಯ ಗೆರೆಯಲ್ಲಿ. ಎಂಟು ಅಡಿಯವರೆಗೆ ನನ್ನ ಮೊಮ್ಮಗಳು ನನ್ನ ಪಾಲಿಗೆ ಇರಲೇ ಇಲ್ಲ. ನಿಮ್ಮ ಮನೆಯ ಕಾರಿಗೂ ಹೀಗೆ ಅಳೆದು ನೋಡಿ. ಕೀಲಿಕೈ ಹೊರಗಿರಲಿ.

ದಾಸವಾಳದ ರೆಂಬೆ ಕಡಿದು ಬೇರೆ ಕಡೆ ನೆಟ್ಟೆವು, ಚಿಗುರಿದೆ. ಈಗ ಬೀಪ್ ಆದರೆ ಏನೋ ಇದೆ ಎಂದೇ ಅರ್ಥ. ಕಾರನ್ನು ನಿಲ್ಲಿಸುವಾಗಲೇ ಹಿಂದು ಮಾಡಿ ಒಳಗೆ ತರುತ್ತೇನೆ, ಹೊರಡುವಾಗ ಎದುರು ನೋಡಿಕೊಂಡು ಹೊರಡುತ್ತೇನೆ. ಹತ್ತುವ ಮೊದಲು ಕಾರಿಗೆ ಒಂದು ಸುತ್ತು ಬರುತ್ತೇನೆ, ಬಗ್ಗಿ ಅಡಿಯನ್ನೂ ನೋಡುತ್ತೇನೆ. ಸೊಂಟಕ್ಕೆ ಸ್ವಲ್ಪ ತ್ರಾಸ. ಮಕ್ಕಳು ಜಗಲಿಯ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದ ಮೇಲೆಯೇ ಎಂಜಿನ್ ಶುರು. ರಜೆಯಲ್ಲಿ ಎಲ್ಲ ಮೊಮ್ಮಕ್ಕಳೂ ಬಂದಾಗ ಕೈಗಳನ್ನು ಎಣಿಸುತ್ತೇನೆ, ನೋಟು ಎಣಿಸಿದ ಹಾಗೆ ಎರಡು ಸಲ.

ಚೆಂಡನ್ನು ಬಿಚ್ಚಿಲ್ಲ. ಪಕ್ಕಾಸಿನಲ್ಲಿ ಎರಡು ಅಡಿ ಆಚೆ ಸರಿಸಿ ಕಟ್ಟಿದ್ದೇನೆ, ಈಗ ಅದು ಹಿಂದಿನ ಗಾಜಿಗೆ ತಾಗುತ್ತದೆ. ಬದಿಯಲ್ಲಿ ನನ್ನವಳು ನಿಂತು ‘ಬರಲಿ, ಬರಲಿ’ ಎನ್ನುತ್ತಾಳೆ. ಅವಳ ಸದ್ದು ನಿಂತರೆ ನಾನೂ ನಿಲ್ಲುತ್ತೇನೆ. ನೈಲಾನ್ ದಾರ ಬಿಸಿಲಿಗೆ ಪಿಸಿಯುತ್ತಿದೆ, ಈ ಮಳೆಗಾಲದ ಮೊದಲು ಬದಲಿಸಬೇಕು.