ಹಂದಿಮಾಂಸ ನೀರು ಬಿಡುವುದೇಕೆ?

ಪ್ರಶ್ನೆ: ಕೆಲವೊಮ್ಮೆ ಹಂದಿಮಾಂಸ ಬಿಳಿಚಿಕೊಂಡು, ತಟ್ಟೆಯಲ್ಲೇ ನೀರು ಬಿಡುತ್ತದೆ. ಹಳಸಿದ್ದೇ?

ಉತ್ತರ: ಹಳಸಿದ್ದೇ ಆಗಬೇಕಿಲ್ಲ. ಉಸಿರು ನಿಂತ ಮೇಲೂ ಸ್ನಾಯು ತನ್ನಲ್ಲಿರುವ ಗ್ಲೈಕೋಜನ್ ಒಡೆಯುತ್ತಲೇ ಇರುತ್ತದೆ. ಆಮ್ಲಜನಕ ಇಲ್ಲದ್ದರಿಂದ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ. ಪಿಹೆಚ್ 7ರ ಆಸುಪಾಸಿನಿಂದ 5.6ಕ್ಕೆ ಇಳಿಯಲು ಸಾಮಾನ್ಯವಾಗಿ ಹಲವು ಗಂಟೆ ಬೇಕು. ಒತ್ತಡ ತಾಳದ ಹಂದಿಗಳಲ್ಲಿ ಮುಕ್ಕಾಲು ಗಂಟೆಯೊಳಗೇ 6ಕ್ಕಿಂತ ಕೆಳಗೆ! ಮೈ ಇನ್ನೂ ಬಿಸಿ, ಜೊತೆಗೆ ಹುಳಿ. ಪ್ರೋಟೀನು ನೀರು ಹಿಡಿದಿಡಲಾರದು. ಥೇಟ್ ನಿಂಬೆ ಹಿಂಡಿದ ಬಿಸಿ ಹಾಲು.

ಇಂಥ ಹಂದಿಗಳಲ್ಲಿ ದೋಷ ಒಂದು ಜೀನಿನದು. ಸ್ನಾಯುಕೋಶದೊಳಗಿನ ಕ್ಯಾಲ್ಸಿಯಂ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ; ಹಾಗಾಗಿ ಗ್ಲೈಕೋಜನ್ ಬೇಗ ಬೇಗ ಒಡೆಯುತ್ತದೆ. 1991ರಲ್ಲಿ ಕೆನಡಾದ ವಿಜ್ಞಾನಿಗಳು ಈ ಜೀನ್ ದೋಷವನ್ನು ಪತ್ತೆಹಚ್ಚಿದರು. ಅದಕ್ಕೂ ಮುಂಚೆ ಮರಿಗೆ ಹ್ಯಾಲೋಥೇನ್ ಎಂಬ ಅರಿವಳಿಕೆ ಮೂಸಿಸಿ, ಕಾಲು ಸೆಟೆಯಿತೇ ಎಂದು ನೋಡುತ್ತಿದ್ದರು. ತಮಾಷೆಯೆಂದರೆ, ಬೆಲ್ಜಿಯಂನ ಪಿಯೆಟ್ರೇನ್ ತಳಿಯಲ್ಲಿ ಕೊಬ್ಬಿಲ್ಲದ ದಪ್ಪ ತೊಡೆ ಬೇಕೆಂದು ಆರಿಸುತ್ತಾ ಹೋದವರು ಈ ಜೀನನ್ನೂ ಜೊತೆಗೇ ಆರಿಸಿಕೊಂಡಿದ್ದರು.